ಎದುರು ಅಂಗಳದ ಹೆಜ್ಜೆಗಳು

ಯರಗುಪ್ಪಿಯ ಹನಮಂತಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಹಿಡಿದು ನಾಲ್ಕು ವರ್ಷ. ಕೈ ನಡುಗುವುದಕ್ಕೆ ಹೆಂಡತಿ ರೇಣುಕವ್ವ ಹೇಗೋ ಹೊಂದಿಕೊಂಡಿದ್ದಳು. ಈ ವರ್ಷ ಕಾಲುಗಳೂ ಹಟ ಹಿಡಿದವು. ಅಡುಗೆಮನೆಯ ಬಾಗಿಲಿಗೆ ಬಂದರೆ ಸಾಕು, ಅಂಟಿಸಿದಂತೆ ನಿಂತುಬಿಡುತ್ತಿದ್ದ. ರೇಣುಕವ್ವ ರಟ್ಟೆ ಹಿಡಿದು ಜಗ್ಗುತ್ತಿದ್ದಳು. ಮೈ ಮುಂದಕ್ಕೆ ವಾಲುತ್ತಿತ್ತು, ಪಾದ ಕದಲುತ್ತಿರಲಿಲ್ಲ.

ಅಂಥವನು ಒಂದು ದಿನ ಎದುರುಮನೆಯ ಸುವರ್ಣಾಳ ಅಂಗಳದಲ್ಲಿ ಸರಸರನೆ ನಡೆದುಹೋಗುವುದನ್ನು ಅವಳು ಕಿಟಕಿಯಿಂದ ಕಂಡಳು. ಸುವರ್ಣಾ ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಬದುಕುತ್ತಿದ್ದ ನಲವತ್ತರ ಹೆಂಗಸು. ಹನಮಂತಪ್ಪ ಅವಳ ಕಟ್ಟೆಯ ಮೇಲೆ ಕೂತು ಏನೋ ಹೇಳಿದ. ಅವಳು ನಕ್ಕಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದು ಕರಕಾದರೂ ರೇಣುಕವ್ವ ಕಿಟಕಿ ಬಿಡಲಿಲ್ಲ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ವಾರ ಕಳೆದ ಮೇಲೆ ನಳದ ಹತ್ತಿರ ಅವಳು ಸುವರ್ಣಾಳನ್ನು ತಡೆದಳು.

“ನಮ್ಮ ಮನ್ಯಾಗ ಏಳದ ಕಾಲು ನಿನ್ನ ಅಂಗಳದಾಗ ಹೆಂಗ ಏಳತಾವಬೇ?”

ಸುವರ್ಣಾಳ ಮುಖ ಬಿಳಿಚಿತು. “ಅಕ್ಕಾ, ನನಗೇನ್ ಗೊತ್ರಿ?” ಎಂದವಳು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು.

ಹುಬ್ಬಳ್ಳಿಯ ನರರೋಗದ ಡಾಕ್ಟರ ಮುಂದೆ ರೇಣುಕವ್ವ ನಾಚಿಕೆ ಬಿಟ್ಟಳು. “ಇವ್ರ ಜಡ್ಡು ಸುಳ್ಳು ಐತ್ರಿ ಸಾಹೇಬ್ರ. ಮನ್ಯಾಗ ಏಳೂದಿಲ್ಲ, ಎದುರುಮನಿ ಅಂಗಳದಾಗ ಮನಸ್ಸಿದ್ದಂಗ ಕಾಲು ಓಡತಾವು.” ಹನಮಂತಪ್ಪ ತಲೆ ತಗ್ಗಿಸಿದ.

“ಆ ಅಂಗಳ ಹೆಂಗೈತವ್ವಾ?” ಎಂದು ಕೇಳಿದರು ಡಾಕ್ಟರು.

“ಫರಸಿಕಲ್ಲು ಹಾಸ್ಯಾರ್ರಿ. ನಡುನಡುವ ಅಡ್ಡ ಬಿಳಿ ಸಿಮೆಂಟಿನ ಗೆರಿ.”

ಡಾಕ್ಟರು ನೆಲಕ್ಕೆ ಗೇಣು ಬಿಟ್ಟು ಗೇಣು ಬಿಳಿ ಪಟ್ಟಿ ಅಂಟಿಸಿದರು. ಹನಮಂತಪ್ಪ ಒಂದೊಂದನ್ನೇ ದಾಟುತ್ತ ಬಾಗಿಲಾಚೆಗೆ ನಡೆದೇಹೋದ.

“ನಾವು ನಡಿಯೋವಾಗ ಈಗ ಎಡಗಾಲು, ಈಗ ಬಲಗಾಲು ಅಂತ ವಿಚಾರ ಮಾಡಂಗಿಲ್ಲ,” ಎಂದರು ಡಾಕ್ಟರು. “ಮೆದುಳು ಒಮ್ಮೆ ಹುಕುಂ ಕೊಟ್ರ ಬೆನ್ನುಹುರಿಯ ನರಗಳು ಹೆಜ್ಜಿ ನಡಸ್ಕೊಂಡ ಹೋಗ್ತಾವು. ಇವರಿಗೆ ಆ ಹುಕುಂ ನಡುವ ತಡೀತೈತಿ. ಕಣ್ಣಿಗೆ ಗೆರಿ ಕಂಡ್ರ ಮೆದುಳು ಬ್ಯಾರೆ ದಾರಿ ಹಿಡೀತೈತಿ. ಜಗ್ಗಬ್ಯಾಡ್ರಿ, ಬೀಳತಾರ.”

ಊರಿಗೆ ಬಂದವಳೇ ರೇಣುಕವ್ವ ಪಡಸಾಲೆಯಿಂದ ಅಡುಗೆಮನೆಯವರೆಗೆ ಹೆಜ್ಜೆಗೊಂದು ಸುಣ್ಣದ ಅಡ್ಡಗೆರೆ ಎಳೆದಳು. ಗಂಡ ಅವನ್ನು ದಾಟಿ ಬಂದು ಒಲೆಯ ಬಾಜು ಕೂತ. ಬಿಸಿ ರೊಟ್ಟಿ ಬಡಿಸುತ್ತ ಅವಳು ತಡೆಯಲಾರದೆ ಕೇಳಿದಳು.

“ಆಕಿ ಕೂಡ ದಿನಾ ಏನ್ ಮಾತಾಡ್ತಿದ್ರಿ?”

“ಏನಿಲ್ಲ. ಕಟ್ಟಿ ಹತ್ರ ನನ್ನ ಕಾಲು ನಿಂತ್ರ ಆಕಿ ಸುಮ್ಮನ ಕಾಯತಿದ್ಲು. ನೀ ಜಗ್ಗತಿದ್ದಿ.”

ಅವನು ಹಗುರಾಗಿಯೇ ಹೇಳಿದ. ಆದರೆ ಇಷ್ಟು ದಿನದ ಅನುಮಾನಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಸುಟ್ಟಿತು.

ಬೆಳಿಗ್ಗೆ ಅವಳು ಸುವರ್ಣಾಳ ಮನೆಗೆ ಹೋದಳು. “ತಪ್ಪಾತು ತಂಗಿ,” ಎಂದಳು. ಸುವರ್ಣಾ ಕುಪ್ಪಸದ ತೋಳಿನ ಹೊಲಿಗೆ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಎದ್ದು ಚಹಾಕ್ಕೆ ಇಟ್ಟಳು.

ಅಷ್ಟರಲ್ಲಿ ಹನಮಂತಪ್ಪ ಅಂಗಳಕ್ಕೆ ಕಾಲಿಟ್ಟ. “ಬರ್ರಿ,” ಎಂದಳು ಸುವರ್ಣಾ, ಮೊದಲಿನ ಹಾಗೆಯೇ. ರೇಣುಕವ್ವ ಅವಳ ಮುಖವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು. ಆದರೂ ಅವಳು ಕೂತಲ್ಲಿಂದ ಏಳಲಿಲ್ಲ, ಸ್ವಲ್ಪ ಸರಿದು ಗಂಡನಿಗೆ ಜಾಗ ಬಿಟ್ಟಳು.