ಬಾಣಂತಿ ಕೋಣೆಯಲ್ಲಿ ಮರಿಗಳು

ನನ್ನ ಗಂಡ ಮಾಬುಸಾಬರಿಗೆ ಹೊತ್ತುಗೊತ್ತು ಎಂಬುದೇ ಇಲ್ಲ. ಮಗಳು ನಾಜಿಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹಡೆದು ಇನ್ನೂ ವಾರವಾಗಿಲ್ಲ. ಈ ಮಹಾಶಯರು ನಡುಮನೆಯಲ್ಲಿ ಮೊಟ್ಟೆ ಮರಿ ಮಾಡುವ ಮಷೀನು ಇಟ್ಟುಕೊಂಡು ಕೂತಿದ್ದರು. ನಾನು ಕೂಸಿಗೆ ಕುಲಾವಿ ಹೊಲಿಯುತ್ತಿದ್ದರೆ ಅವರು ಮರಿಗಳಿಗೆಂದು ರಟ್ಟಿನ ಡಬ್ಬ ಕೊರೆಯುತ್ತಿದ್ದರು. ತಳಕ್ಕೆ ಕಲಘಟಗಿ ಕಡೆಯಿಂದ ತರಿಸಿದ ಭತ್ತದ ಹೊಟ್ಟು, ಅದರ ಮೇಲೆ ಹಳೆಯ ಪೇಪರು, ಮೇಲಿನಿಂದ ಇಳಿಬಿಟ್ಟ ಬಲ್ಬು. ಮರಿ ಮುಳುಗಬಾರದೆಂದು ನೀರಿನ ತಟ್ಟೆಯಲ್ಲಿ ಗೋಲಿಗಳು ಬೇರೆ! ಮರಿ ಹೊರಬಂದದ್ದೇ ತಡ, ಒಂದೊಂದನ್ನೇ ಎತ್ತಿ ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿದರು.

"ನೀರು ಕುಡಿಯೂದು ಕಲಿಸಾಕ ತಾಯಿ ಇಲ್ಲಲ್ಲ, ನಾವ ಕಲಿಸಬೇಕು," ಎಂದರು. ತಮ್ಮ ಮಕ್ಕಳಿಗೆ ಒಂದು ದಿನ ನೀರು ಕುಡಿಸಿದವರಲ್ಲ.

ನನಗೆ ನನ್ನದೇ ಚಿಂತೆ. ಮೊಮ್ಮಗ ಬೆಳಗಿನಿಂದ ಮೊಲೆಗೆ ಬಾಯಿ ಹಚ್ಚಿರಲಿಲ್ಲ. ಎಬ್ಬಿಸಿದರೆ ಅರೆಗಣ್ಣು ತೆರೆದು ಮತ್ತೆ ಮುಚ್ಚಿಬಿಡುತ್ತಿದ್ದ. ದೃಷ್ಟಿ ತಾಗಿತೇ? ನಾಜಿಮಾ ತಿಂದದ್ದೇನಾದರೂ ಹಾಲಿಗೆ ಇಳಿಯಿತೇ? ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ, ದೃಷ್ಟಿಯೇ ಸರಿ ಅಂದುಕೊಂಡೆ. ಆಮೇಲೂ ಕೂಸು ಹಾಗೆಯೇ. ನನಗೆ ದಿಕ್ಕೇ ತೋಚದಾಯಿತು.

ಕೋಣೆಯಲ್ಲಿ ನಾನು ಯಾವ ಕೊರತೆಯನ್ನೂ ಮಾಡಿರಲಿಲ್ಲ. ಗಾಳಿ ಬಡಿಯದಂತೆ ಕಿಟಕಿಗೆ ಗೋಣಿಚೀಲ ತುರುಕಿದ್ದೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಕೂಸಿಗೆ ಟೋಪಿ, ಸ್ವೆಟರು, ಮೇಲೆ ಬಿಗಿಯಾಗಿ ಸುತ್ತಿದ ಬಟ್ಟೆ, ಅದರ ಮೇಲೆ ಕೌದಿ.

"ಅಮ್ಮಾ, ಮೈ ಕುದ್ದಂಗ ಆಗಾಕತ್ತೈತಿ," ಎಂದಳು ನಾಜಿಮಾ.

"ನಿಮ್ಮನ್ನೆಲ್ಲಾ ಹಿಂಗ ಜ್ವಾಪಾನ ಮಾಡೇನಿ. ಸುಮ್ನ ಮಕ್ಕೋ," ಎಂದು ಗದರಿದೆ.

ಆಗಲೇ ಆಷಾಢದ ಗಾಳಿಗೆ ಕರೆಂಟು ಹೋಯಿತು. ಬಲ್ಬು ಆರಿದ್ದೇ ಮರಿಗಳು ಚಿಂವ್ ಚಿಂವ್ ಎಂದು ಮನೆ ಕಿತ್ತುಹೋಗುವಂತೆ ಕೂಗಿದವು. ಮಾಬುಸಾಬರು ಡಬ್ಬ ಎತ್ತಿಕೊಂಡು ನೆಟ್ಟಗೆ ಕೋಣೆಗೆ ಬಂದರು.

"ಬುದ್ಧಿ ಐತೇನ್ರಿ ನಿಮಗ? ಬಾಣಂತಿ ಖೋಲ್ಯಾಗ ಕೋಳಿ!"

"ಬೆಚ್ಚಗಿರೂದು ಇದೊಂದ ಖೋಲಿ. ಹೊರಗಿಟ್ರ ಸಾಯ್ತಾವ್."

ಸಾವಿನ ಮಾತನ್ನು ಆ ದಿನ ಕೇಳುವ ಧೈರ್ಯ ನನಗಿರಲಿಲ್ಲ. "ಇಡ್ರಿ," ಎಂದೆ. ಡಬ್ಬವನ್ನು ಅಗ್ಗಿಷ್ಟಿಕೆಯ ಪಕ್ಕಕ್ಕೇ ಇಟ್ಟರು. ಮರಿಗಳು ಗಪ್ಪಾದವು.

"ನೋಡಿದ್ರಿಲ್ಲೋ? ಕಾವು ಅಂದ್ರ ಹಿಂಗಿರಬೇಕು," ಎಂದು ಬೀಗಿದೆ.

ಸ್ವಲ್ಪ ಹೊತ್ತಿಗೆ ಬಗ್ಗಿ ನೋಡಿದರೆ ಅವುಗಳ ರೂಪವೇ ಬೇರೆಯಾಗಿತ್ತು. ಕೆಂಡದ ಕಡೆ ಒಂದೂ ಇರಲಿಲ್ಲ. ಎಲ್ಲವೂ ಆಚೆಯ ಅಂಚಿಗೆ ಸರಿದು, ರೆಕ್ಕೆ ಜೋತುಬಿಟ್ಟು, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ನೀರಡಿಕೆಯೋ, ಹೊಗೆಯೋ, ಹೆದರಿಕೆಯೋ? ನೀರು ಕುಡಿಸಹೋದೆ. ತಟ್ಟೆಯ ನೀರೇ ಬಿಸಿಯಾಗಿತ್ತು.

"ಸೆಕಿ ಆಗೈತಿ ಅವಕ್ಕ," ಎಂದರು ಮಾಬುಸಾಬರು. "ಥಂಡಿ ಆದ್ರ ಒಂದರ ಮ್ಯಾಲೊಂದು ಬೀಳ್ತಾವ್, ಸೆಕಿ ಆದ್ರ ದೂರ ಸರೀತಾವ್."

"ಏನ್ ಸೆಕಿ? ಕೂಸು ಮಲಗೂ ಖೋಲ್ಯಾಗ ಸೆಕಿ ಎಲ್ಲಿಂದ ಬಂತು?"

ಅವರು ಡಬ್ಬವನ್ನು ಹೊಸ್ತಿಲಿಗೆ ಎಳೆದು ಬಾಗಿಲು ಚೂರು ತೆರೆದರು. ನಾನು ನೋಡುತ್ತಿದ್ದಂತೆಯೇ ಮರಿಗಳು ಕೊಕ್ಕು ಮುಚ್ಚಿದವು. ಒಂದು ಎದ್ದು ನುಚ್ಚು ಕುಕ್ಕಿತು, ಇನ್ನೊಂದು ಅದರ ಹಿಂದೆ ಹೋಯಿತು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನನಗೆ ಹಿತವೆನಿಸಿದ ಕೋಣೆ ಅವಕ್ಕೆ ಯಾಕೆ ಹೀಗಾಯಿತು?

ಮಂಚದ ಕಡೆ ತಿರುಗಿದೆ. ಕೂಸಿನ ಮುಖ ಕೆಂಪಗಾಗಿತ್ತು. ಬಾಯಿ ಆ ಮರಿಗಳ ಹಾಗೆಯೇ ತೆರೆದಿತ್ತು. ಕುತ್ತಿಗೆ ಮುಟ್ಟಿದೆ, ಸುಡುತ್ತಿತ್ತು. ಮರಿಗಳಿಗಾದರೂ ಸರಿದುಹೋಗಲು ಕಾಲಿದ್ದವು. ಇವನ ಕೈಕಾಲನ್ನು ನಾನೇ ಬಿಗಿದು ಕಟ್ಟಿದ್ದೆ.

"ಯಾ ಅಲ್ಲಾ!" ಎಂದು ಕೂಗಿಬಿಟ್ಟೆ. ಕೌದಿ ಎಳೆದೆ, ಸುತ್ತಿದ ಬಟ್ಟೆ ಬಿಚ್ಚಿದೆ, ಸ್ವೆಟರು ತೆಗೆದೆ. ಮಾಬುಸಾಬರು ಕೆಂಡ ಹೊರಗೆ ಒಯ್ದರು. ಕಿಟಕಿಯ ಗೋಣಿಚೀಲವನ್ನು ಕಿತ್ತೆ. ನಾಜಿಮಾ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸಿದಳು, ಒರೆಸುತ್ತಲೇ ಅಳುತ್ತಿದ್ದಳು.

ಎಷ್ಟು ಹೊತ್ತಾಯಿತೋ. ಕೂಸು ಒಂದು ಕಾಲು ಝಾಡಿಸಿತು. ಮುಖ ಸಿಂಡರಿಸಿ, ಓಣಿಗೆಲ್ಲ ಕೇಳುವಂತೆ ಚೀರಿತು. ನಾಜಿಮಾ ಎದೆಗೆ ಹಚ್ಚಿಕೊಂಡಳು. ಲೊಚಲೊಚ ಎಂದು ಹಾಲು ಕುಡಿಯುವ ಸದ್ದು ಕೇಳಿತು.

"ಗಾಡಿ ತರ್ತೀನಿ, ಯಾವುದಕ್ಕೂ ನವಲಗುಂದದಾಗ ಡಾಕ್ಟರಿಗೆ ತೋರ್ಸೂಣು," ಎಂದು ಮಾಬುಸಾಬರು ಹೊರಟರು.

ನಾನು ಮಂಚದ ಅಂಚಿಗೆ ಕೂತೆ. ನಾಜಿಮಾ ನನ್ನ ಕಡೆ ನೋಡದೆ ಹೇಳಿದಳು: "ನಾ ಹೇಳಿದ್ರ ಕೇಳ್ಲಿಲ್ಲ ನೀ. ಕೋಳಿಮರಿ ಹೇಳಿದ್ರ ಕೇಳಿದಿ."

ಈ ಊರಲ್ಲಿ ಯಾರ ಮಾತಿಗೂ ನಾನು ಎದುರುತ್ತರ ಕೊಡದೆ ಬಿಟ್ಟವಳಲ್ಲ.

"ಹೌದವಾ," ಎಂದೆ.