ವಾರ್ನಿಶ್ ಹಚ್ಚಿಸಿಕೊಂಡ ಮರಿಗೆ

ನಾನು ಒಂದು ಮರಿಗೆ. ದನ ಮೇವು ತಿನ್ನುವ ಮರದ ತೊಟ್ಟಿ. ಗಾಳಿಗೆ ಬಿದ್ದ ಹಲಸಿನ ಮರದ ಬುಡವನ್ನು ಕೊರೆದು ಮನೆಯೊಡತಿ ಬಾಗಿಯಕ್ಕನ ಗಂಡ ನನ್ನನ್ನು ಮಾಡಿದ. ಆತ ಬಡಗಿಯಲ್ಲ. ಹಾಗಾಗಿ ನನ್ನ ಒಂದು ಬದಿ ಇನ್ನೊಂದಕ್ಕಿಂತ ಎರಡು ಬೆರಳು ಎತ್ತರ. ಹಟ್ಟಿಯಲ್ಲಿ ಕಟ್ಟಿದ ದನ ಗೌರಿ ಈ ಬಗ್ಗೆ ಯಾವತ್ತೂ ತಕರಾರು ತೆಗೆಯಲಿಲ್ಲ. ಹುಲ್ಲು, ತೌಡು, ಅಕ್ಕಿ ತೊಳೆದ ನೀರು, ಅವಳ ಜೊಲ್ಲು, ನನ್ನ ಎಳವೆಯೆಂದರೆ ಇಷ್ಟೇ.

ಗದ್ದೆ ದಾಟಿದರೆ ಇಗರ್ಜಿ. ಅಲ್ಲಿ ಪ್ರತಿ ಕ್ರಿಸ್ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವವನು ಬಡಗಿ ಪಾಸ್ಕಲ್. ಬಾಲ ಯೇಸುವನ್ನು ತಾಯಿ ಮಲಗಿಸಿದ್ದು ದನದ ಮರಿಗೆಯಲ್ಲಿ ತಾನೇ, ರಟ್ಟಿನದ್ದೇಕೆ, ನಿಜವಾದದ್ದೇ ಇರಲಿ ಎಂದು ಅವನು ಬಾಗಿಯಕ್ಕನಲ್ಲಿ ನನ್ನನ್ನು ಕೇಳಿ ಒಯ್ಯುತ್ತಿದ್ದ. ಜನವರಿ ಆರರ ಮೂರು ರಾಯರ ಹಬ್ಬ ಮುಗಿದ ಮೇಲೆ ತಂದುಬಿಡುತ್ತಿದ್ದ. ಹೀಗೆ ವರ್ಷಕ್ಕೆ ಹದಿನೈದು ದಿನ ನನಗೆ ದೇವರ ಸಹವಾಸ, ಉಳಿದ ದಿನ ಗೌರಿಯದು. ಎರಡರಲ್ಲಿ ಯಾವುದು ಹೆಚ್ಚೆಂದು ನನ್ನನ್ನು ಕೇಳಬೇಡಿ.

ಪಾಸ್ಕಲನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಇಗರ್ಜಿ ಖಾಲಿ ಇರುವಾಗ ಒಳಗೆ ಬಂದು ಕೆಲಸ ಮಾಡುತ್ತಿದ್ದ. ಪೂಜೆಯ ಗಂಟೆ ಹೊಡೆದರೆ ಹೊರಗೆ ಹೋಗಿ ಗೋಡೆಗೊರಗಿ ನಿಲ್ಲುತ್ತಿದ್ದ.

“ಒಳಗೆ ಬಾ ಪಾಸ್ಕಲ್, ಜಾಗ ಉಂಟಲ್ಲ,” ಎಂದು ಫಾದರ್ ಬಾಗಿಲಿಗೇ ಬಂದು ಕರೆಯುತ್ತಿದ್ದರು.

“ಇಲ್ಲ ಫಾದರ್. ಮೊದ್ಲು ಕುಡಿಯುದು ಬಿಡ್ತೇನೆ. ಸರಿಯಾದ ಮೇಲೆ ಬರ್ತೇನೆ.”

ಹೀಗೆ ಹನ್ನೊಂದು ವರ್ಷ ಅವನು ಸರಿಯಾಗುತ್ತಲೇ ಇದ್ದ. ಒಳಗೆ ಬರಬೇಕೆಂಬ ಆಸೆ ಅವನಿಗೆ ಬಹಳವಿತ್ತು. ಕಿಟಕಿಯಿಂದ ಅವನ ಮುಖ ನನಗೆ ಕಾಣುತ್ತಿತ್ತು.

ಹನ್ನೊಂದನೇ ವರ್ಷ ಅವನಿಗೆ ಏನು ಹೊಳೆಯಿತೋ, ನನ್ನನ್ನು ಕೆರೆದು, ತೊಳೆದು, ಒಳಗೂ ಹೊರಗೂ ವಾರ್ನಿಶ್ ಹಚ್ಚಿದ. ಊರವರೆಲ್ಲ ಹೊಗಳಿದರು. ನಾನೂ ಸ್ವಲ್ಪ ಉಬ್ಬಿದೆನೆಂದು ಒಪ್ಪಿಕೊಳ್ಳುತ್ತೇನೆ.

ಹಬ್ಬ ಮುಗಿದು ಹಟ್ಟಿಗೆ ಮರಳಿದೆ. ಗೌರಿ ಕರು ಹಾಕಿ ನಾಲ್ಕು ದಿನವಾಗಿತ್ತು, ಹೊಟ್ಟೆ ತುಂಬ ತಿನ್ನಬೇಕಾದ ಹೊತ್ತು. ಅವಳು ನನ್ನನ್ನು ಮೂಸಿ, ಸೀನಿ, ಮುಖ ತಿರುಗಿಸಿದಳು. ಮರುದಿನವೂ ಅಷ್ಟೇ. ನಾನಿಲ್ಲದಾಗ ಬಕೆಟ್ಟಿನಲ್ಲಿ ತಿನ್ನುತ್ತಿದ್ದವಳು ಈಗ ಅದನ್ನೂ ಒದ್ದು ಚೆಲ್ಲಿದಳು. ಕರುವಿಗೇ ಹಾಲು ಸಾಲಲಿಲ್ಲ. ಬಾಗಿಯಕ್ಕ ಪಾಸ್ಕಲನಿಗೆ ಹೇಳಿಕಳಿಸಿದಳು.

“ಎಂತ ಮಾಡಿ ಹಾಕಿದ್ದು ಮಾರಾಯ ನೀನು? ದನ ಬಾಯಿ ಸಹ ಹಾಕುದಿಲ್ಲ!”

“ಚಂದ ಮಾಡಿದ್ದು ಬಾಗಿಯಕ್ಕ. ದೇವರ ಮಗು ಮಲಗುವ ಜಾಗ ಅಲ್ವಾ?”

“ಚಂದ ಬೇಕಿದ್ರೆ ಆ ಮಗು ಅರಮನೆಗೆ ಹೋಗ್ತಿತ್ತು. ಹಟ್ಟಿಗೆ ಯಾಕೆ ಬಂತು? ಮರಿಗೆಗೆ ವಾರ್ನಿಶ್ ಒಣಗ್ಲಿ ಅಂತ ಹೊರಗೆ ಕಾದು ನಿಂತಿತ್ತಾ?”

ಅವಳಿಗೆ ಇಗರ್ಜಿಯ ಗೋಡೆಯ ವಿಷಯ ಗೊತ್ತಿರಲಿಲ್ಲ. ದನದ ಹೊಟ್ಟೆಯ ಚಿಂತೆಯಲ್ಲಿ ಬಾಯಿಗೆ ಬಂದದ್ದನ್ನು ಆಡಿದ್ದಳು. ಪಾಸ್ಕಲ್ ಮಾತ್ರ ಗದ್ದೆಯಾಚೆ ಇಗರ್ಜಿಯ ಕಡೆ ನೋಡಿದ. ಆಮೇಲೆ ಉಳಿ ಹಿಡಿದು ಹಟ್ಟಿಯ ಸಗಣಿಯಲ್ಲೇ ಕುಕ್ಕರಗಾಲಿನಲ್ಲಿ ಕೂತ. ಎರಡು ದಿನ ವಾರ್ನಿಶ್ ಹೆರೆದ. ಮೂರನೆಯ ದಿನ ಗೌರಿ ಮೂತಿ ಹಾಕಿದಳು.

ಮುಂದಿನ ವರ್ಷ ಬಾಗಿಯಕ್ಕ, ದನ ಮೇವು ತಿಂದು ಮುಗಿಸದೆ ನನ್ನನ್ನು ಕೊಡುವುದಿಲ್ಲ ಎಂದು ಹಟ ಹಿಡಿದಳು. ಹಬ್ಬಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಗೌರಿ ನಿಧಾನವಾಗಿ, ಯಾರ ಅವಸರವೂ ತನಗಿಲ್ಲವೆಂಬಂತೆ ತಿಂದಳು. ಪಾಸ್ಕಲ್ ನನ್ನನ್ನು ಹೆಗಲಿಗೇರಿಸಿ ಓಡಿದ. ತೊಳೆಯಲು ಸಮಯವಿರಲಿಲ್ಲ. ಜೊಲ್ಲು ಅವನ ಅಂಗಿಗೆ ಇಳಿಯುತ್ತಿತ್ತು. ಗೋದಲಿಯಲ್ಲಿ ನನ್ನನ್ನು ಇಳಿಸುವುದಕ್ಕೂ ಪೂಜೆಯ ಗಂಟೆ ಹೊಡೆಯುವುದಕ್ಕೂ ಸರಿಯಾಯಿತು.

ಅವನು ಬಾಗಿಲ ಕಡೆ ನೋಡಿದ. ಅಂಗಿ ನೋಡಿಕೊಂಡ. ಹಿಂದಿನ ದಿನದ ಕುಡಿತದ ವಾಸನೆ ಅವನ ಬಾಯಲ್ಲಿ ಇನ್ನೂ ಇತ್ತು. ಆಮೇಲೆ, ತೌಡು ಅಂಟಿದ್ದ ನನ್ನ ಒಳಮೈ ನೋಡಿದ. ಒಂದು ಹೆಜ್ಜೆ ಬಾಗಿಲಿನತ್ತ ಇಟ್ಟವನು ಹಿಂದೆ ಬಂದು ಬೆಂಚಿನ ತುದಿಯಲ್ಲಿ ಕೂತ. ಪಕ್ಕದವರು ಮೂಗು ಮುಚ್ಚಿಕೊಳ್ಳಲಿಲ್ಲ, ಸರಿದು ಜಾಗ ಬಿಟ್ಟರು. ನನಗೆ ಸಂತೋಷವಾಯಿತು. ಮರಕ್ಕೂ ಸಂತೋಷವಾಗುತ್ತದೆ.

ಈಗ ನನ್ನ ತಳ ಬಿರಿದಿದೆ. ಗೋದಲಿಗೆ ಫೈಬರಿನ ತೊಟ್ಟಿ ಬಂದಿದೆ. ನಾನು ಹಟ್ಟಿಯ ಮೂಲೆಯಲ್ಲಿದ್ದೇನೆ, ನನ್ನೊಳಗೆ ಕೋಳಿಯೊಂದು ಕಾವು ಕೂತಿದೆ. ಪಾಸ್ಕಲನ ಸುದ್ದಿ ಬಾಗಿಯಕ್ಕನ ಬಾಯಿಂದ ಕೇಳುತ್ತೇನೆ. ಅವನ ಕುಡಿತ ಕಡಿಮೆಯಾಗಿದೆಯಂತೆ, ಪೂರ್ತಿ ಬಿಟ್ಟಿಲ್ಲವಂತೆ. ಕುಡಿದ ಮರುದಿನವೂ ಒಳಗೆ ಹೋಗಿ ಕೂರುತ್ತಾನಂತೆ.