ನೀರು ಬಂದ ಕಿಟಕಿ

ಕಮ್ಮರಡಿ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಮುಂದೆ, ರಸ್ತೆಗೆ ಮುಖ ಮಾಡಿಕೊಂಡಿರುವ ಸಣ್ಣ ಹೆಂಚಿನ ಮನೆ ಸುಮಲತಾಳದು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಹದಿನಾರು ವರ್ಷದಿಂದ ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಗಂಡ ದೇವರಾಜ ಮರ ಹತ್ತಿ ಅಡಿಕೆ ಕೊನೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ಅಳತೆ ಕೊಡಲು ಬಂದ ಯಮುನಮ್ಮ, ಗಾಳಿ ಬರಲೆಂದು ಕಿಟಕಿಯ ಬಾಗಿಲನ್ನು ಸ್ವಲ್ಪ ಜೋರಾಗಿಯೇ ತಳ್ಳಿದರು. ಬಾಗಿಲು ಚೌಕಟ್ಟಿನ ಒಂದು ಪಟ್ಟಿಯನ್ನೂ ಕಿತ್ತುಕೊಂಡು ಅಂಗಳಕ್ಕೆ ಬಿತ್ತು.

"ಅಯ್ಯೋ, ನಾ ಎಂತದೂ ಮಾಡ್ಲಿಲ್ವೇ!" ಎಂದು ಯಮುನಮ್ಮ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು.

ಸಂಜೆ ದೇವರಾಜ ಬಂದು ಬೆರಳಿನಿಂದ ಮರ ಒತ್ತಿ ನೋಡಿದ. ಬೆರಳು ಒಳಗೇ ಹೋಯಿತು. "ಪೂರಾ ಒರಲೆ ಹುಳ ತಿಂದಿದೆ ಮಾರಾಯ್ತಿ. ಇಷ್ಟು ದಿನ ಬರೀ ಪೈಂಟಿನ ಮೇಲೆ ನಿಂತಿತ್ತು."

ಕಿಟಕಿಗೆ ಟಾರ್ಪಾಲು ಕಟ್ಟಿದರು. ಹಗಲಲ್ಲೂ ಲೈಟು ಹಾಕಿಕೊಂಡು ಹೊಲಿಯಬೇಕಾಯಿತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸುಮಲತಾಳ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಸ ಕಿಟಕಿ ಬೇಗ ಆಗಬೇಕಿತ್ತು. ಆದರೆ ಮಾಡಿಸುವುದು ಯಾರ ಕೈಲಿ?

ಕೊಪ್ಪದ ಒಂದು ಅಂಗಡಿಗೆ ಇಬ್ಬರೂ ಹೋದರು. ಬಿಳಿ, ಕಂದು, ಮರದ ಬಣ್ಣದ ಕಿಟಕಿಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ಕುಳಿತಲ್ಲಿಂದಲೇ ಹೇಳಿದ: "ಫೋಟೋ ವಾಟ್ಸಾಪ್ ಮಾಡಿ, ಉದ್ದ ಅಗಲ ಬರೆದು ಕಳಿಸಿ. ಎರಡು ದಿನದಲ್ಲಿ ಕೂರಿಸಿ ಕೊಡ್ತೇವೆ."

ದೇವರಾಜನಿಗೆ ಮಾತು ಹಿಡಿಸಿತು. ಸುಮಲತಾಳಿಗೆ ಹಿಡಿಸಲಿಲ್ಲ. ಆಳನ್ನು ಕಾಣದೆ ರವಿಕೆ ಕತ್ತರಿಸು ಎಂದಂತೆ ಕೇಳಿಸಿತು ಅವಳಿಗೆ.

ಶೃಂಗೇರಿ ಕಡೆಯಿಂದ ಬಂದ ಇನ್ನೊಬ್ಬ, ಫೋನಿನಲ್ಲಿ ಮಾತಾಡುತ್ತಲೇ ಕಿಟಕಿಯ ನಡುಮಧ್ಯೆ ಒಂದು ಸಲ ಟೇಪು ಹಿಡಿದು ಹೊರಟೇಬಿಟ್ಟ. ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿದ್ದರೆ ಎಂದು ಕೇಳಿದ್ದಕ್ಕೆ, "ಫೋಮು ತುಂಬಿಸ್ತೀವಲ್ಲ" ಎಂದ.

ಮೂರನೆಯವನು ನರಸಿಂಹರಾಜಪುರದ ಕಾಂತೇಶ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಹೆಚ್ಚು ಮಾತಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದ. ಎತ್ತರವನ್ನೂ ಹಾಗೆಯೇ ಮೂರು ಕಡೆ ಅಳೆದ. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಎಳೆದು, ತಲೆ ಕೆರೆದುಕೊಂಡು, ಮತ್ತೊಮ್ಮೆ ಎಳೆದ.

"ಅಕ್ಕ, ಗೋಡೆ ಒಂದು ಬದಿಗೆ ಅರ್ಧ ಇಂಚು ಜಗ್ಗಿದೆ. ಮೊದಲು ಅಂಚು ಸರಿ ಮಾಡಿ ಗಾರೆ ಒಣಗಕ್ಕೆ ಬಿಡ್ಬೇಕು. ಹತ್ತು ದಿನ ಆಗ್ತದೆ."

"ಹತ್ತು ದಿನವಾ!" ಎಂದ ದೇವರಾಜ. "ಕೊಪ್ಪದವರು ಎರಡೇ ದಿನ ಅಂದಿದಾರಲ್ಲ ಮಾರಾಯ."

ಕಾಂತೇಶ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಸುಮಲತಾ ಕೇಳಿದಳು: "ನೀವು ಮಾಡಿದ ಕೆಲಸ ಎಲ್ಲಾದ್ರೂ ನೋಡಬೋದಾ?"

ಅವನು ಒಂದು ಚೀಟಿಯಲ್ಲಿ ಎರಡು ಮನೆಗಳ ಹೆಸರು ಬರೆದು ಕೊಟ್ಟ. "ಮೊದಲನೇದು ಚೆನ್ನಾಗಿ ಆಗಿದೆ. ಎರಡನೇದು ಭಂಡಿಗಡಿ ಗಣಪಯ್ಯನೋರ ಮನೆ. ಅಲ್ಲಿ ನಾನು ಕೂರಿಸಿದ ಕಿಟಕೀಲಿ ನೀರು ಬಂದಿತ್ತು."

"ಮತ್ತೆ ಅದನ್ಯಾಕೆ ಬರೆದ್ರಿ?"

"ಚೆನ್ನಾಗಿದ್ದದ್ದನ್ನ ಎಲ್ಲರೂ ತೋರಿಸ್ತಾರಕ್ಕ. ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಅವರು ಎಂತ ಹೇಳ್ತಾರೋ ಹೇಳ್ಲಿ."

ಆ ಮಾತು ಸುಮಲತಾಳನ್ನು ಎರಡು ದಿನ ಬಿಡಲಿಲ್ಲ. ಹಿಂದೊಮ್ಮೆ ಪವಿತ್ರಾ ಎಂಬ ಹುಡುಗಿಯ ಮದುವೆ ರವಿಕೆಯ ತೋಳನ್ನು ಅವಳು ಕೆಡಿಸಿದ್ದಳು. ಇವತ್ತಿಗೂ ಆ ಮನೆಯವರು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ತನ್ನ ಬಗ್ಗೆ ಕೇಳಿ ಎಂದು ಗಿರಾಕಿಯನ್ನು ಅವರ ಮನೆಗೆ ಕಳಿಸುವುದೇ? ಕನಸಲ್ಲೂ ಆಗದ ಮಾತು.

ಮೂರನೆಯ ದಿನ ಬಸ್ಸು ಹತ್ತಿ ಭಂಡಿಗಡಿಗೆ ಹೋದಳು. ಗಣಪಯ್ಯನವರು ಎಪ್ಪತ್ತು ದಾಟಿದವರು, ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಕಾಂತೇಶನ ಹೆಸರು ಹೇಳಿದ್ದೇ ತಡ, ನಕ್ಕರು.

"ನಿನ್ನನ್ನೂ ಕಳಿಸಿದ್ನಾ? ಕೂತ್ಕೋ ಮಗ. ಹೌದು, ನೀರು ಬಂದಿತ್ತು. ಮೊದಲ ಮಳೆಗೇ ನಮ್ಮ ಮಂಚ ಒದ್ದೆ. ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ."

"ಅವರು ಎಂತ ಹೇಳಿದ್ರು?"

"ಎಂತ ಹೇಳ್ತಾನೆ! ಮಾರನೇ ದಿನ ಆ ಮಳೇಲೇ ಬಂದ. ನೀರು ಎಲ್ಲಿಂದ ಬರ್ತದೆ ಅಂತ ಕಿಟಕಿ ಮುಂದೆ ಒಂದು ಗಂಟೆ ಸುಮ್ನೆ ಕೂತ. ಕಿಟಕಿ ಕೆಳಗಿನ ಕಟ್ಟೆಯ ಇಳಿಜಾರು ಒಳಗಡೆಗಿತ್ತಂತೆ, ಅದನ್ನ ತಾನು ನೋಡ್ಕೊಳ್ಳಲಿಲ್ಲ ಅಂದ. ಪೂರ್ತಿ ಬಿಚ್ಚಿ, ಕಟ್ಟೆ ಒಡೆದು, ಮತ್ತೆ ಕೂರಿಸಿದ. ಮುಂದಿನ ವರ್ಷ ಕರೀದೇ ಬಂದು ನೋಡ್ಕೊಂಡು ಹೋದ." ಅವರು ಒಳಗೆ ತಿರುಗಿ ಕೂಗಿದರು: "ಸೀತೂ, ಕೊಡಪಾನ ತಾರೇ!"

ಹೆಂಡತಿ ಸೀತಮ್ಮ ತುಂಬಿದ ಕೊಡವನ್ನು ಸುಮಲತಾಳ ಕೈಗಿಟ್ಟರು. "ಹೊರಗಿಂದ ಸುರಿ. ಅವನು ಕಳಿಸಿದವರೆಲ್ಲ ಹೀಂಗೇ ಪರೀಕ್ಷೆ ಮಾಡೋದು. ನಮ್ಮ ಕಿಟಕಿಯಷ್ಟು ಸ್ವಚ್ಛ ಈ ಊರಲ್ಲಿ ಇನ್ನೊಂದಿಲ್ಲ."

ಸುಮಲತಾ ನಾಚಿಕೊಂಡೇ ಗಾಜಿಗೆ ನೀರು ಎರಚಿದಳು. ಸೀರೆಯ ನೆರಿಗೆಯೂ ನೆನೆಯಿತು. ಒಳಗೆ ಓಡಿ ಬಂದು ಚೌಕಟ್ಟಿನ ಸುತ್ತ ಅಂಗೈ ಆಡಿಸಿದಳು. ಎಲ್ಲೂ ಹನಿ ಇರಲಿಲ್ಲ. ಸೀತಮ್ಮ ಮಜ್ಜಿಗೆ ಕೊಟ್ಟರು. ಕುಡಿಯುತ್ತಲೇ ಅವಳು ಕಾಂತೇಶನಿಗೆ ಫೋನ್ ಮಾಡಿದಳು.

ಹತ್ತು ದಿನ ಎಂದದ್ದು ಹನ್ನೆರಡಾಯಿತು. ಗಾರೆ ಇನ್ನೂ ತಣ್ಣಗಿದೆ ಎಂದು ಕಾಂತೇಶ ಒಮ್ಮೆ ಬಂದು, ಮುಟ್ಟಿ ನೋಡಿ, ಹಾಗೇ ವಾಪಸು ಹೋಗಿದ್ದ. ದೇವರಾಜ ಗೊಣಗಿದ. ಆದರೆ ಕಿಟಕಿ ಕೂರಿಸುವ ದಿನ ಕೆಲಸಕ್ಕೆ ರಜೆ ಹಾಕಿ ಅವನೇ ಚೌಕಟ್ಟು ಹಿಡಿದುಕೊಂಡು ನಿಂತ. ಕಾಂತೇಶ ಮಟ್ಟಗೋಲು ಇಟ್ಟು ನೋಡುವುದು, ಕೂದಲೆಳೆಯಷ್ಟು ಸರಿಸುವುದು, ಮತ್ತೆ ನೋಡುವುದು. ಊಟದ ಹೊತ್ತಿಗೆ ಇಬ್ಬರೂ ಹಳೆಯ ಸ್ನೇಹಿತರ ಹಾಗೆ ಮಾತಾಡುತ್ತಿದ್ದರು.

ದಪ್ಪ ಮರದ ಚೌಕಟ್ಟು ಹೋದದ್ದರಿಂದ ಹೊಸ ಕಿಟಕಿಯಲ್ಲಿ ಬೆಳಕು ಬರುವ ಜಾಗ ಹಳೆಯದಕ್ಕಿಂತ ನಾಲ್ಕು ಬೆರಳು ಅಗಲವಿತ್ತು. ಬೆರಳಲ್ಲಿ ದೂಡಿದರೆ ಸದ್ದಿಲ್ಲದೆ ಸರಿಯುತ್ತಿತ್ತು, ಸೊಳ್ಳೆ ಪರದೆಯೂ ಇತ್ತು. ಕಾಂತೇಶ ಹೊರಟ ಮೇಲೆ ಸುಮಲತಾ ಮಿಷನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ಲೈಟಿನಲ್ಲಿ ಕಪ್ಪಾಗಿ ಕಾಣುತ್ತಿದ್ದ ಮಡಿಲ ಹಸಿರು ಬಟ್ಟೆ ಈಗ ಹಸಿರಾಗಿಯೇ ಕಂಡಿತು.

ದೇವರಾಜ ಕೋಣೆಯ ನಡುವೆ ನಿಂತು ಸುತ್ತ ನೋಡುತ್ತಿದ್ದ. ಮೂಲೆಗಳಲ್ಲಿ, ತೊಲೆಯ ಸಂದಿಯಲ್ಲಿ, ಕ್ಯಾಲೆಂಡರಿನ ಹಿಂದೆ ಎಷ್ಟೋ ವರ್ಷದ ಜೇಡರ ಬಲೆ, ಧೂಳು ಎಲ್ಲವೂ ಎದ್ದು ಕಾಣುತ್ತಿದ್ದವು.

"ನಾವು ಇಂಥ ಕೊಳಕಲ್ಲಿ ಇದ್ವೇನೆ?" ಎಂದ.

"ಎಂತ ಮಾಡೋದು, ಕಂಡಿರಲಿಲ್ಲ" ಎಂದಳು ಸುಮಲತಾ.

ಅವನು ಉದ್ದ ಕೋಲಿಗೆ ಪೊರಕೆ ಕಟ್ಟಿ, ತಲೆಗೆ ಟವೆಲ್ ಸುತ್ತಿಕೊಂಡು ಬಲೆ ಹೊಡೆಯಲು ನಿಂತ. ಸುಮಲತಾ ಹಸಿರು ಬಟ್ಟೆಯನ್ನು ಚೀಲದೊಳಗೆ ಹಾಕಿ, ಧೂಳು ಹೊರಗೆ ಹೋಗಲೆಂದು ನಗುತ್ತಾ ಕಿಟಕಿಯನ್ನು ಪೂರ್ತಿ ಸರಿಸಿದಳು.